ಟೀಕು ಬರೆಯುವ ಗರೀನ್ ಮತ್ತು ‘ಕೆಲವರು’

ಲ್ವಾರ್ ನದಿಯ ಮೇಲಿನ ಮಂಜು ಇನ್ನೂ ಕರಗಿಲ್ಲ. ಸೇತುವೆ ಬುಡದ ಓಣಿಯಲ್ಲಿ ರೊಟ್ಟಿ ಸುಡುವವನ ಒಲೆ ಬಿಟ್ಟರೆ ಬೇರೆ ಬೆಳಕಿಲ್ಲ. ಗರೀನ್ ಆಗಲೇ ಎದ್ದು, ಕಿಟಕಿಯ ಹಲಗೆ ತೆಗೆದು, ಇಳಿಜಾರು ಮೇಜಿನ ಮುಂದೆ ಕೂತಾಗಿದೆ. ಹೆಗಲ ಮೇಲೆ ಕುರಿಯ ತೊಗಲು, ಕಾಲಿಗೆ ಹುಲ್ಲು ತುರುಕಿದ ಮರದ ಮೆಟ್ಟು. ಮಸಿ ತುಂಬಿದ ಕೊಂಬನ್ನು ಕಂಕುಳಲ್ಲಿ ಅವುಚಿಕೊಂಡಿದ್ದಾರೆ. ಚಳಿಗೆ ಮಸಿ ಹೆಪ್ಪುಗಟ್ಟಿದರೆ ಆ ದಿನದ ಕೆಲಸ ಕೈಬಿಟ್ಟ ಹಾಗೆಯೇ. ಮೇಜಿನ ಮೇಲೆ ಕರುವಿನ ಚರ್ಮದ ಹಾಳೆ ಹಾಸಿದೆ. ಅದರ ನಡುವೆ ಯಾರೋ ಆಗಲೇ ದಪ್ಪಕ್ಷರದಲ್ಲಿ ಪದ್ಯ ಬರೆದಿಟ್ಟಿದ್ದಾರೆ. ಸುತ್ತ ನಾಲ್ಕೂ ಕಡೆ ಬಿಟ್ಟ ಖಾಲಿ ಅಂಚು ಗರೀನ್ ಅವರದು.

ಮುದುಕರು ಮುಖವನ್ನು ಹಾಳೆಗೆ ತಾಗುವಷ್ಟು ಬಗ್ಗಿಸಿ, ತಲೆ ಓರೆ ಮಾಡಿ ಏನನ್ನೋ ಹುಡುಕುತ್ತಾರೆ. ಹುಡುಕುವುದು ಗೆರೆಯನ್ನು. ಅಂಚಿಗೆ ಎಳೆದ ಗೆರೆಗೆ ಬಣ್ಣವಿಲ್ಲ, ಮೊಂಡು ಕಡ್ಡಿಯಿಂದ ಗೀರಿದ ಬರಿಯ ಗೀರು. ಬೆಳಕು ಓರೆಯಾಗಿ ಬಿದ್ದರೆ ಮಾತ್ರ ಅದರ ನೆರಳು ಎದ್ದು ಕಾಣುತ್ತದೆ.

"ಸೂರ್ಯ ನೆತ್ತಿಗೆ ಬಂದ ಅಂದ್ರೆ ಗೆರೆ ಮಾಯ," ಎನ್ನುತ್ತಾರೆ. "ವಯಸ್ಸಿದ್ದಾಗ ಮಧ್ಯಾಹ್ನಾನೂ ಕಾಣ್ತಿತ್ತು. ಈಗ ಬೆಳಗ್ಗೆ ಒಂದಿಷ್ಟು ಹೊತ್ತು, ಸಂಜೆ ಒಂದಿಷ್ಟು ಹೊತ್ತು. ಮಿಕ್ಕ ಹೊತ್ತೆಲ್ಲ ನಾನು ಬರೀ ಗಂಜಿ ಕುಡಿಯೋ ಮನುಷ್ಯ."

ಇವರು ಬರೆಯುವುದು ಟೀಕು. ಯೇಸುವಿನ ಹೆಸರನ್ನೇ ಕೇಳದೆ ಸತ್ತ ರೋಮಿನ ಕವಿಗಳ ಪದ್ಯಗಳನ್ನು ಓರ್ಲಿಯಾನಿನ ಶಾಲೆಗಳಲ್ಲಿ ಇವತ್ತಿಗೂ ಓದಿಸುತ್ತಾರೆ. ಸಾವಿರದ ಇನ್ನೂರು ದಾಟಿ ಹೊಸ ಶತಮಾನ ಹುಟ್ಟಿದೆ. ಪದ್ಯಗಳ ಲ್ಯಾಟಿನ್ ಮಾತ್ರ ಹಳೆಯದೇ, ಬಿಡಿಸಿ ಹೇಳದಿದ್ದರೆ ಯಾರ ತಲೆಗೂ ಹತ್ತುವುದಿಲ್ಲ. ಗುರುಗಳು ಬಿಡಿಸಿ ಹೇಳುತ್ತಾರೆ. ಹೇಳಿದ್ದು ಪುಸ್ತಕದ ಅಂಚಿಗೆ ಇಳಿಯುತ್ತದೆ. ಮುಂದಿನ ಗುರುಗಳು ಅದಕ್ಕೆ ತಮ್ಮದನ್ನೂ ಸೇರಿಸುತ್ತಾರೆ. ಪದ್ಯ ಇದ್ದಷ್ಟೇ ಇರುತ್ತದೆ, ಟೀಕು ಬೆಳೆಯುತ್ತಾ ಹೋಗುತ್ತದೆ. ನಾಲ್ಕು ಸಾಲಿನ ಪದ್ಯವನ್ನು ಟೀಕು ಇರುವೆ ಮುತ್ತಿದ ಹಾಗೆ ಮುತ್ತಿಕೊಂಡಿರುವ ಹಾಳೆಗಳನ್ನು ಗರೀನ್ ಎಷ್ಟು ಬರೆದಿದ್ದಾರೋ ಅವರಿಗೇ ನೆನಪಿಲ್ಲ.

ನಡುವಿನ ಪದ್ಯ ಬರೆದವರು ಪಕ್ಕದ ಓಣಿಯ ಟೆಸ್ಲಿನ್. ಇಬ್ಬರೂ ಒಟ್ಟಿಗೆ ಮುದುಕರಾದವರು. ಮೂಲ ಬರೆಯುವವರಿಗೆ ದೊಡ್ಡ ಅಕ್ಷರ, ದೊಡ್ಡ ಮರ್ಯಾದೆ. ಪುಸ್ತಕ ಮುಗಿದಾಗ ಕೊನೆಯಲ್ಲಿ ತಮ್ಮ ಹೆಸರು ಹಾಕಿ, ಓದುವವರು ನನಗಾಗಿ ಪ್ರಾರ್ಥಿಸಿ ಎಂದು ಒಂದು ಸಾಲು ಬರೆದುಕೊಳ್ಳಬಹುದು. ಟೀಕು ಬರೆಯುವವರಿಗೆ ಆ ಸಾಲಿಲ್ಲ. ಟೀಕು ಮುಗಿಯುವ ವಸ್ತುವೇ ಅಲ್ಲ ಎಂದ ಮೇಲೆ ಹೆಸರು ಹಾಕುವುದಾದರೂ ಎಲ್ಲಿ?

"ಊಟ ಬಡಿಸೋನು ನಾನು. ಇವನು ತಟ್ಟೆ ಸುತ್ತ ಉಪ್ಪು ಚೆಲ್ಕೊಂಡು ಕೂತಿರ್ತಾನೆ," ಎಂದು ಟೆಸ್ಲಿನ್ ಕಾಲೆಳೆಯುತ್ತಾರೆ.

"ಉಪ್ಪಿಲ್ಲದ ನಿನ್ನ ಊಟ ನಾಯಿಗೆ ಹಾಕು, ಮೂಸಿ ನೋಡಿದ್ರೆ ಹೇಳು," ಎನ್ನುತ್ತಾರೆ ಗರೀನ್, ಹಾಳೆಯಿಂದ ಮುಖ ಎತ್ತದೆ.

ಗರೀನ್ ಈ ಊರಿಗೆ ಬಂದದ್ದು ಗುರುವಾಗಬೇಕೆಂದು. ಹಳ್ಳಿಯ ಪಾದ್ರಿ ಅಕ್ಷರ ಕಲಿಸಿ, ಬುದ್ಧಿವಂತ ಹುಡುಗ ಎಂದು ಕಳಿಸಿಕೊಟ್ಟಿದ್ದರು. ಸೇತುವೆ ಬಳಿಯ ಶಾಲೆಯಲ್ಲಿ ಚೆನ್ನಾಗಿಯೇ ಓದುತ್ತಿದ್ದರು. ಅಷ್ಟರಲ್ಲಿ ವಿನೆಗರ್ ಮಾಡುವವನ ಮಗಳು ಹೆರ್ಸೆಂಡ್ ಕಣ್ಣಿಗೆ ಬಿದ್ದರು. ಮದುವೆಯಾದವನಿಗೆ ಗುರುಪೀಠವಿಲ್ಲ, ಇಗರ್ಜಿಯ ಆಸರೆಯೂ ಇಲ್ಲ. ಗೊತ್ತಿದ್ದೂ ಆದರು. ಊರಿನವರು ಆಡಿಕೊಂಡು ನಕ್ಕರು, ಗರೀನ್ ಅವರ ಅಪ್ಪ ಬಾಗಿಲು ಮುಚ್ಚಿದರು. ಕೈಯಲ್ಲಿ ಇದ್ದದ್ದು ಸಣ್ಣ ಅಕ್ಷರ ಬರೆಯುವ ಕಲೆಯೊಂದೇ.

"ಪಶ್ಚಾತ್ತಾಪ ಇದೆಯಾ ಅಂತ ಜನ ಕೇಳ್ತಾರೆ. ಇದೆ. ಇನ್ನೂ ಒಂದು ವರ್ಷ ಮೊದಲೇ ಆಗಬೇಕಿತ್ತು," ಎನ್ನುವಾಗ ಗರೀನ್ ನಗುವುದಿಲ್ಲ.

ಕೆಲಸ ಹೊರಗಿನವರಿಗೆ ಕಾಣುವಷ್ಟು ಸುಲಭದ್ದಲ್ಲ. ಹೆಬ್ಬಾತಿನ ಗರಿಯನ್ನು ಕೂದಲೆಳೆಯಷ್ಟು ತೆಳ್ಳಗೆ ಚೂಪು ಮಾಡಬೇಕು. ಅದು ನಾಲ್ಕು ಸಾಲಿಗೆ ಮೊಂಡಾಗುತ್ತದೆ, ಮತ್ತೆ ಚೂಪು ಮಾಡಬೇಕು. ಯಾವ ಪದಕ್ಕೆ ಯಾವ ಟೀಕು ಎಂದು ತಿಳಿಯಲು ಪದದ ಮೇಲೊಂದು, ಅಂಚಿನಲ್ಲೊಂದು ಪುಟ್ಟ ಗುರುತು ಹಾಕಬೇಕು. ಒಂದು ಕಡೆ ಚುಕ್ಕಿ, ಇನ್ನೊಂದು ಕಡೆ ಶಿಲುಬೆ, ಮತ್ತೊಂದು ಕಡೆ ಗಾಲಿ. ಗುರುತು ತಪ್ಪಿದರೆ ಕುದುರೆಗೆ ಹೇಳಿದ ಮಾತು ದೇವತೆಯ ತಲೆಗೆ ಅಂಟಿಕೊಳ್ಳುತ್ತದೆ. ಹಾಗೆ ಆಗಿದ್ದೂ ಇದೆ. ತಮ್ಮ ಕೈತಪ್ಪಿನಿಂದ ಒಬ್ಬ ದೇವತೆಗೆ ಗೊರಸು ಬಂದದ್ದನ್ನೂ, ಅದಕ್ಕೊಂದು ಗೂಢಾರ್ಥ ಹುಡುಕಿ ಗುರುಗಳೊಬ್ಬರು ಪಾಠ ಮಾಡಿದ್ದನ್ನೂ ಗರೀನ್ ಈಗಲೂ ತಲೆ ತಗ್ಗಿಸಿಕೊಂಡೇ ಹೇಳುತ್ತಾರೆ. ಬೆನ್ನು ಬಾಗಿದೆ. ಬಲಗೈಯ ಎರಡು ಬೆರಳು ಮಡಚಿದರೆ ಬಿಚ್ಚುವುದಿಲ್ಲ. ಬೆಳಗ್ಗೆ ಬಿಸಿನೀರಲ್ಲಿ ಅದ್ದಿ ಎಡಗೈಯಿಂದ ಬಿಡಿಸಿಕೊಳ್ಳುತ್ತಾರೆ.

ಟೀಕಿನಲ್ಲಿ ಒಂದು ರೂಢಿಯಿದೆ. ಗುರುಗಳು ತಮ್ಮ ಅರ್ಥವನ್ನಷ್ಟೇ ಹೇಳಿ ಸುಮ್ಮನಾಗುವುದಿಲ್ಲ, ತಮಗೆ ಒಪ್ಪಿಗೆಯಾಗದ ಅರ್ಥವನ್ನೂ ಹೇಳುತ್ತಾರೆ. ‘ಕೆಲವರು ಹೀಗೆನ್ನುತ್ತಾರೆ’ ಎಂದು ಶುರುಮಾಡಿ, ಬೆನ್ನಿಗೇ ‘ಅದು ಸರಿಯಲ್ಲ’ ಎಂದು ಮುಗಿಸುತ್ತಾರೆ. ಆ ಕೆಲವರು ಯಾರು ಎಂದು ಹೆಸರಿಸುವ ಪದ್ಧತಿ ಇಲ್ಲ. ಪಕ್ಕದ ಊರಿನ ಗುರುವಿರಬಹುದು, ಜಗಳವಾಡಿ ಬಿಟ್ಟುಹೋದ ಶಿಷ್ಯನಿರಬಹುದು, ಎಂದೋ ಸತ್ತು ಮಣ್ಣಾದವರಿರಬಹುದು. ವಾದದಲ್ಲಿ ಸೋತವರೆಲ್ಲರಿಗೂ ಆ ಒಂದು ಪದವೇ ಮನೆ.

"ಗೆದ್ದೋರ ಮಾತು ಒಂದು ಸಾಲಲ್ಲಿ ಮುಗಿಯುತ್ತೆ. ಸೋತೋರದ್ದೇ ಜಾಸ್ತಿ ಜಾಗ ಹಿಡಿಯೋದು," ಎನ್ನುತ್ತಾರೆ ಗರೀನ್. ಆಮೇಲೆ, "ನಮ್ಮವಳೂ ಅಲ್ಲೇ ಇದ್ದಳು," ಎಂದು ಸೇರಿಸುತ್ತಾರೆ.

ನಮ್ಮವಳು ಎಂದರೆ ಹೆರ್ಸೆಂಡ್. ಅವರು ಅಲ್ಲಿಗೆ ಬಂದು ಸೇರಿದ್ದು ಫುಲ್ಕೊ ಗುರುಗಳ ದೆಸೆಯಿಂದ. ಫುಲ್ಕೊ ಆಗ ಸೇತುವೆ ಬಳಿಯ ಶಾಲೆಯ ಮುಖ್ಯ ಗುರು. ಒಂದು ಚಳಿಗಾಲ ಶಾಲೆಯಲ್ಲಿ ಸೌದೆ ಮುಗಿದು, ಟೀಕು ಹೇಳಿ ಬರೆಸಲು ಅವರು ಗರೀನ್ ಮನೆಗೇ ಬಂದು ಒಲೆಯ ಪಕ್ಕ ಕೂರುತ್ತಿದ್ದರು. ದಡೂತಿ ಆಳು, ಗಂಟಲು ದೊಡ್ಡದು, ಕರುಳು ಮೆತ್ತಗೆ. ಟೀಕನ್ನು ಲ್ಯಾಟಿನ್ನಿನಲ್ಲಿ ಬರೆಸಿದರೂ ಪದ್ಯದ ಕಥೆಯನ್ನು ಮಾತ್ರ ಮನೆಮಾತಿನಲ್ಲಿ ಹೇಳಿಕೊಂಡು, ಹೇಳುತ್ತಲೇ ಕಣ್ಣೊರೆಸಿಕೊಳ್ಳುವ ಚಾಳಿ ಅವರಿಗಿತ್ತು. ಹೆರ್ಸೆಂಡ್ ಪಕ್ಕದಲ್ಲಿ ಬಟಾಣಿ, ಈರುಳ್ಳಿ ಬೇಯಿಸುತ್ತಾ ಎಲ್ಲ ಕೇಳಿಸಿಕೊಳ್ಳುತ್ತಿದ್ದರು.

ಅವತ್ತಿನ ಕಥೆ ಯುದ್ಧಕ್ಕೆ ಹೊರಟ ಒಬ್ಬ ಗಂಡನದು. ಕತ್ತಲಲ್ಲಿ ಹಡಗು ಹೊರಡುತ್ತದೆ. ಹೆಂಡತಿ ದಡದಲ್ಲಿ ದೀಪ ಎತ್ತಿ ಹಿಡಿದು ನಿಂತಿರುತ್ತಾಳೆ. ಹಡಗು ಮರೆಯಾದ ಮೇಲೆ ದೀಪ ಆರಿಸಿ ಒಳಗೆ ಹೋಗುತ್ತಾಳೆ. ಪದ್ಯದಲ್ಲಿ ಅದಕ್ಕಿರುವುದು ಒಂದೇ ಸಾಲು. ಫುಲ್ಕೊ ಆ ಸಾಲಿಗೆ ಮೂರು ಅರ್ಥ ಬರೆಸಿದರು. ದೀಪವೆಂದರೆ ವಿವೇಕ, ಹಡಗೆಂದರೆ ದೇಹ ಬಿಟ್ಟು ಹೋಗುವ ಆತ್ಮ ಎಂಬುದು ಒಂದು. ಹೋದವರ ಬೆನ್ನಿಗೆ ದೀಪ ಉರಿಸುವುದು ಹಳೆಯ ಕಾಲದವರಿಗೆ ಅಪಶಕುನ ಎಂಬುದು ಇನ್ನೊಂದು. ಬೆಳಗಾಯಿತೆಂದು ಕವಿ ಸೂಚಿಸುತ್ತಿದ್ದಾನೆ ಎಂಬುದು ಮೂರನೆಯದು.

ಹೆರ್ಸೆಂಡ್ ಸೌಟು ತಿರುಗಿಸುತ್ತಲೇ ಬಾಯಿ ಹಾಕಿದರು. "ಅಲ್ಲ, ಅವಳು ದೀಪ ಆರಿಸಿದ್ದಕ್ಕೆ ಇಷ್ಟೆಲ್ಲ ಯಾಕೆ ತಲೆ ಕೆಡಿಸ್ಕೊಳ್ತೀರಿ? ಎಣ್ಣೆ ಉಳಿಸೋಕೆ ಆರಿಸಿದಳು."

"ಏನಂದೆ ತಾಯಿ?" ಎಂದರು ಫುಲ್ಕೊ.

"ಗಂಡ ಹೋದ. ಹಡಗು ಕಾಣಿಸ್ತಿಲ್ಲ. ಇನ್ಯಾರಿಗೆ ತೋರಿಸ್ಬೇಕು ದೀಪ? ನಾಳೆ ರಾತ್ರಿಗೂ ಎಣ್ಣೆ ಬೇಕಲ್ಲ. ನಾಳೆಯಿಂದ ಒಬ್ಬಳೇ ಬದುಕ್ಬೇಕು ಅವಳು."

ಫುಲ್ಕೊ ಕತ್ತು ಹೊರಳಿಸಿ ಒಲೆಯ ಕಡೆ ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿ, ನಗು ಕೆಮ್ಮಾಗಿ, ಹೆರ್ಸೆಂಡ್ ಓಡಿಬಂದು ಬೆನ್ನು ತಟ್ಟಿ ನೀರು ಕುಡಿಸಬೇಕಾಯಿತು. "ಬರಿಯೋ ಗರೀನ್," ಎಂದರು ಉಸಿರು ತಿರುಗಿದ ಮೇಲೆ. "ಕೆಲವರು ಹೀಗೆನ್ನುತ್ತಾರೆ: ಎಣ್ಣೆ ಉಳಿಸಲು. ಪಕ್ಕದಲ್ಲೇ ಬರಿ, ಇದು ಹುಚ್ಚುತನ. ಇಲ್ಲದಿದ್ರೆ ನಾನೇ ಹೇಳಿದ್ದು ಅಂದ್ಕೊಂಡುಬಿಡ್ತಾರೆ ಜನ."

ಗರೀನ್ ಬರೆದರು. ಗುರು ಹೇಳಿದ್ದನ್ನು ಬರೆಯುವುದು ಅವರ ಕೆಲಸ. ನಾಳೆಯಿಂದ ಒಬ್ಬಳೇ ಬದುಕಬೇಕು ಎಂಬ ಮಾತಿಗೆ ಅಂಚಿನಲ್ಲಿ ಜಾಗ ಸಿಗಲಿಲ್ಲ. ಎಣ್ಣೆ ಉಳಿಯಿತು, ಹುಚ್ಚುತನ ಉಳಿಯಿತು.

"ಬೈಗುಳಾನೂ ಬರೆದೆಯಾ?" ಎಂದು ಗುರುಗಳು ಹೋದ ಮೇಲೆ ಹೆರ್ಸೆಂಡ್ ಕೇಳಿದರಂತೆ.

"ಗುರುಗಳು ಹೇಳಿದ್ರಲ್ಲ."

"ಹೆಂಡ್ತಿನ ಹುಚ್ಚಿ ಅಂತ ಬರೆದು ಹೊಟ್ಟೆ ಹೊರಿಯೋ ಗಂಡ ಈ ಊರಲ್ಲಿ ನೀನೊಬ್ಬನೇ ಇರ್ಬೇಕು ನೋಡು ಮಾರಾಯ."

ಸಿಟ್ಟು ಎರಡು ದಿನ ಇತ್ತು. ಮೂರನೆಯ ದಿನ, ಎಲ್ಲಿದೆ ತೋರಿಸು ಎಂದರು. ಅಕ್ಷರ ಬಾರದ ಹೆರ್ಸೆಂಡ್‌ಗೆ ಗರೀನ್ ಬೆರಳಿಟ್ಟು ತೋರಿಸಿದರು. ಅಲ್ಲಿಂದ ಮುಂದೆ ಆ ಪದ್ಯದ ಹೊಸ ಪ್ರತಿ ಬರೆಯುವಾಗಲೆಲ್ಲ, ಆ ಸಾಲು ಬಂತಾ, ನನ್ನನ್ನ ಬೈದಾಯ್ತಾ ಎಂದು ಒಲೆಯ ಕಡೆಯಿಂದ ವಿಚಾರಣೆ ಬರುತ್ತಿತ್ತು. ಬೈದಾಯ್ತು ಎಂದರೆ ಸಮಾಧಾನ.

ಶಾಲೆಯಲ್ಲಿ ಆ ಸಾಲಿನ ಪಾಠ ವರ್ಷಕ್ಕೊಮ್ಮೆ ಬರುತ್ತಿತ್ತು. ಫುಲ್ಕೊ ಗಂಭೀರವಾಗಿ ವಿವೇಕ, ಆತ್ಮ, ಅಪಶಕುನ ಎಲ್ಲ ಹೇಳಿ, ಆಮೇಲೆ ದನಿ ಬದಲಿಸಿ, "ಕೆಲವರು ಹೀಗೆನ್ನುತ್ತಾರೆ: ಎಣ್ಣೆ ಉಳಿಸಲು!" ಎನ್ನುತ್ತಿದ್ದರು. ಬೆಂಚುಗಳೆಲ್ಲ ಗೊಳ್ಳೆನ್ನುತ್ತಿದ್ದವು. ಹೆಂಗಸರಿಗೆ ಶಾಲೆಯೊಳಗೆ ಪ್ರವೇಶವಿಲ್ಲ. ಒಂದು ವರ್ಷ ಹೆರ್ಸೆಂಡ್ ತವರಿನ ವಿನೆಗರ್ ಪೀಪಾಯಿಯ ಗಾಡಿ ತಳ್ಳುವ ನೆಪ ಮಾಡಿಕೊಂಡು, ಕಿಟಕಿಯ ಕೆಳಗಿನ ಓಣಿಯಲ್ಲಿ ಕಾದು ನಿಂತರು. ಸಂಜೆ ಮನೆಗೆ ಬಂದಾಗ ಅವರ ಮುಖ ನೋಡಬೇಕಿತ್ತು ಎನ್ನುತ್ತಾರೆ ಗರೀನ್.

"ನಕ್ಕರು ಕಣೋ, ಎಷ್ಟು ನಕ್ಕರು ಅಂತೀಯಾ, ಅಂದಳು. ಮೂರು ಅರ್ಥ ಹೇಳಿದಾಗ ಒಬ್ಬನೂ ಉಸಿರೆತ್ತಲಿಲ್ಲ, ನನ್ನದು ಬಂದಾಗ ಎಲ್ಲ ಎಚ್ಚರ ಆದರು, ಅಂದಳು. ಅವತ್ತು ಸಾರಿಗೆ ಉಪ್ಪು ಎರಡು ಸಲ ಹಾಕಿದಳು. ನಾನು ಬಾಯಿ ಬಿಡಲಿಲ್ಲ, ತಿಂದೆ."

ಮಾತು ಊರು ದಾಟಿಯೂ ಹೋಯಿತು. ಶಿಷ್ಯರು ಟೀಕು ನಕಲು ಮಾಡಿಕೊಂಡು ತಮ್ಮ ತಮ್ಮ ಊರಿಗೆ ಒಯ್ಯುತ್ತಿದ್ದರು. ತೂರ್ ಪಟ್ಟಣದಲ್ಲಿ ಒಬ್ಬ ಗುರು, ಈ ‘ಕೆಲವರು’ ಯಾವುದೋ ದೊಡ್ಡ ಪಂಡಿತರ ಗುಂಪೇ ಇರಬೇಕೆಂದು ನಂಬಿ, ಎಣ್ಣೆ ಪಕ್ಷದವರ ವಾದವನ್ನು ಖಂಡಿಸಲು ಇಡೀ ಒಂದು ಬೆಳಗ್ಗೆ ಮಾತಾಡಿದರಂತೆ. ಸುದ್ದಿ ತಂದವನಿಗೆ ಹೆರ್ಸೆಂಡ್ ಒಂದು ಲೋಟ ಮದ್ಯ ಕೊಟ್ಟು ಕೂರಿಸಿ ಮತ್ತೆ ಮತ್ತೆ ಹೇಳಿಸಿದರು. "ನಮ್ಮ ಪಕ್ಷದಲ್ಲಿ ಇನ್ನೂ ಯಾರ್ಯಾರು ಸೇರಿದ್ದಾರೆ ಕೇಳು," ಎಂದು ಗಂಡನನ್ನು ತಿವಿದರಂತೆ. ತೂರಿನ ಆ ಗುರು ಈಗಿಲ್ಲ. ಅವರ ಪುಸ್ತಕವನ್ನು ಕೆರೆದು ಅದೇ ಚರ್ಮದ ಮೇಲೆ ತರ್ಕಶಾಸ್ತ್ರ ಬರೆದಿದ್ದಾರೆ ಎಂದು ಕೇಳಿಬಂತು.

ಫುಲ್ಕೊ ತೀರಿಕೊಂಡರು. ಎರಡು ವರ್ಷದ ಹಿಂದೆ ಈಸ್ಟರ್ ಉಪವಾಸದ ಕಾಲದಲ್ಲಿ ಹೆರ್ಸೆಂಡ್ ಕೂಡ ಜ್ವರ ಬಂದು ಮಲಗಿದವರು ಏಳಲಿಲ್ಲ. ಮಕ್ಕಳಿರಲಿಲ್ಲ. ಪ್ರಾಣ ಹೋದಾಗ ಬೆಳಗಾಗಿತ್ತು.

"ತಲೆ ಹತ್ತಿರ ದೀಪ ಉರೀತಿತ್ತು. ಅಕ್ರೋಟಿನ ಎಣ್ಣೆ ದೀಪ," ಎನ್ನುತ್ತಾರೆ ಗರೀನ್. ಗರಿಯನ್ನು ಕೆಳಗಿಟ್ಟಿದ್ದಾರೆ. "ಕೈ ತಾನಾಗಿ ಹೋಯ್ತು, ಆರಿಸಿದೆ. ಆರಿಸಿದ ಮೇಲೆ ಗೊತ್ತಾಯ್ತು ಏನು ಮಾಡ್ದೆ ಅಂತ. ಗುರುಗಳು ಬರೆಸಿದ ಮೂರು ಅರ್ಥದಲ್ಲಿ ಒಂದೂ ನೆನಪಿಗೆ ಬರ್ಲಿಲ್ಲ. ಅವಳು ಹೇಳಿದ್ದೇ ಸರಿ ಅಂತ ಹೇಳ್ತಿಲ್ಲ ನಾನು. ಪಂಡಿತರಿಗೆ ಏನೇನು ಕಾಣುತ್ತೋ ನನಗೇನು ಗೊತ್ತು? ನನಗೆ ನೆನಪಾಗಿದ್ದು ಅದೊಂದೇ."

ಸತ್ತವರನ್ನು ನೆನೆಯಲು ಒಬ್ಬೊಬ್ಬರಿಗೆ ಒಂದೊಂದು ದಾರಿ. ಕೆಲವರು ಮೇಣದ ಬತ್ತಿ ಹಚ್ಚಿಸುತ್ತಾರೆ, ಕೆಲವರು ಗೋರಿಯ ಬಳಿ ಕೂರುತ್ತಾರೆ. ಗರೀನ್ ಆ ವರ್ಷ ಪಾಠದ ದಿನ ಶಾಲೆಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತರು. ಯಾರೋ ಉಪಗುರು ಓದುತ್ತಿದ್ದರು, ಫುಲ್ಕೊ ಅವರ ದನಿಯಿಲ್ಲ, ಬೆಂಚುಗಳೂ ಅರ್ಧಕ್ಕರ್ಧ ಖಾಲಿ. ಆದರೂ ಎಣ್ಣೆಯ ಮಾತಿಗೆ ಇದ್ದವರೆಲ್ಲ ನಕ್ಕರು. ಅವರ ನಡುವೆ ಮುದುಕರೊಬ್ಬರು ಅಳುತ್ತಿದ್ದುದನ್ನು ಯಾರೂ ಗಮನಿಸಲಿಲ್ಲ. ಅಷ್ಟಾದರೂ ಇತ್ತು.

ಬೆಂಚು ಖಾಲಿಯಾಗಿದ್ದಕ್ಕೆ ಕಾರಣ ಊರಿಗೆಲ್ಲ ಗೊತ್ತು. ಬುದ್ಧಿಯಿದ್ದ ಹುಡುಗರೆಲ್ಲ ಪ್ಯಾರಿಸ್ಸಿಗೆ ತರ್ಕ ಕಲಿಯಲು ಹೋಗುತ್ತಿದ್ದಾರೆ. ತರ್ಕ ಬಂದರೆ ಬಿಷಪ್ಪರ ಮನೆಯಲ್ಲಿ ಕೆಲಸ, ಪದ್ಯ ಬಂದರೆ ಹೆಂಡದಂಗಡಿಯಲ್ಲಿ ಚಪ್ಪಾಳೆ. ಕಳೆದ ವರ್ಷ ಸೇತುವೆ ಬಳಿಯ ಶಾಲೆಗೆ ಬಂದ ಹೊಸ ಗುರು ಎವ್ರಾರ್ ಕೂಡ ಪ್ಯಾರಿಸ್ಸಿನಲ್ಲಿ ಓದಿದವರೇ. ವಯಸ್ಸು ಚಿಕ್ಕದು, ಮನುಷ್ಯ ಒಳ್ಳೆಯವರು. ಶಾಲೆ ಮುಚ್ಚಿಹೋಗಬಾರದು ಎಂದು ಅವರಿಗಿರುವ ಕಾಳಜಿ ಸುಳ್ಳಲ್ಲ. ಟೀಕು ಇಷ್ಟು ಉದ್ದವಿದ್ದರೆ ಯಾರು ಕೂತು ಕೇಳುತ್ತಾರೆ ಎನ್ನುವುದು ಅವರ ಪ್ರಶ್ನೆ. ಪಾಠ ಹೇಳುವ ಹಳೆಯ ಪುಸ್ತಕದ ಹೊಲಿಗೆ ಬಿಚ್ಚಿಹೋಗಿತ್ತು, ಇಲಿ ಕಡಿದಿತ್ತು. ತೆಳ್ಳಗಿನ ಹೊಸ ಪುಸ್ತಕ ಮಾಡಿಸೋಣ ಎಂದು ಎವ್ರಾರ್ ತೀರ್ಮಾನಿಸಿ, ಹಳೆಯ ಪುಸ್ತಕದ ಅಂಚಿನಲ್ಲಿ ಯಾವುದನ್ನು ಬಿಡಬೇಕೋ ಅದರ ಮೇಲೆ ಸೀಸದ ಕಡ್ಡಿಯಿಂದ ಗೀಟು ಹಾಕಿಕೊಟ್ಟರು. ಹೊಸದನ್ನು ಬರೆಯುವ ಕೆಲಸ ಟೆಸ್ಲಿನ್ ಮತ್ತು ಗರೀನ್ ಅವರಿಗೇ ಬಂತು.

ಗೀಟು ಬಿದ್ದದ್ದೆಲ್ಲ ‘ಕೆಲವರ’ ಮೇಲೆ. ತಪ್ಪು ಎಂದು ಮೊದಲೇ ತೀರ್ಮಾನವಾದ ಮಾತನ್ನು ಮತ್ತೆ ಯಾಕೆ ಬರೆಯಬೇಕು? ಲೆಕ್ಕ ಸರಿಯಾಗಿಯೇ ಇದೆ. ಗರೀನ್ ಮೊದಲ ಹಾಳೆಗಳನ್ನು ಸುಮ್ಮನೆ ಬರೆದುಕೊಂಡು ಹೋದರು. ದಡದ ಹೆಂಗಸಿನ ಸಾಲು ಬಂತು. ಅಲ್ಲೂ ಗೀಟು ಇತ್ತು.

ಇಂಥದ್ದೊಂದು ಮಾತನ್ನು ಕದ್ದು ಬರೆಯುವುದು ಕಷ್ಟವೇನಲ್ಲ. ಆದರೆ ಗುರುಗಳು ಹೇಳದ್ದನ್ನು ಬರೆದವನೆಂದು ಗೊತ್ತಾದರೆ ಈ ಊರಲ್ಲಿ ಮತ್ತೆ ಯಾರೂ ಅವನ ಕೈಗೆ ಹಾಳೆ ಕೊಡುವುದಿಲ್ಲ. ಕದಿಯುವ ಮನಸ್ಸೂ ಗರೀನ್ ಅವರಿಗೆ ಬರಲಿಲ್ಲ. ಅವಳ ಮಾತು ಕಳ್ಳಬಾಗಿಲಿಂದ ಬಂದದ್ದಲ್ಲ, ಗುರುಗಳೇ ಕೂಗಿ ಬರೆಸಿದ್ದು ಎನ್ನುತ್ತಾರೆ. ಆ ಹಳೆಯ ಹಾಳೆ ಕಂಕುಳಲ್ಲಿಟ್ಟುಕೊಂಡು ನೇರ ಶಾಲೆಗೆ ಹೋದರು. ಎವ್ರಾರ್ ರೊಟ್ಟಿ, ಚೀಸು ತಿನ್ನುತ್ತಿದ್ದರು.

"ಗುರುಗಳೇ, ಇದೊಂದು ಇರಲಿ."

ಎವ್ರಾರ್ ಬಗ್ಗಿ ನೋಡಿದರು. "ಎಣ್ಣೆಯದಾ? ಇದರಿಂದ ಏನು ಉಪಯೋಗ ಗರೀನಣ್ಣ? ಹುಡುಗರು ಹಲ್ಲು ಕಿಸೀತಾರೆ, ಅಷ್ಟೇ."

"ಕಿಸೀಲಿ ಬಿಡಿ. ನಕ್ಕಿದ್ದಕ್ಕಾದ್ರೂ ಸಾಲು ನೆನಪಿಟ್ಕೊಳ್ತಾರೆ."

ಎವ್ರಾರ್ ಯೋಚನೆಗೆ ಬಿದ್ದರು. ಮುದುಕರ ಮಾತನ್ನು ತಳ್ಳಿಹಾಕಲು ಅವರಿಗೂ ಮನಸ್ಸಿಲ್ಲ. "ಒಂದು ಕೆಲಸ ಮಾಡೋಣ. ಯಾರ ಮಾತಿದು? ರಾಂಸ್ ಊರಿನ ಗುರುಗಳದ್ದಾ? ಅವರದ್ದಾದ್ರೆ ಇಟ್ಕೊಳ್ತೀನಿ. ಅವರಿಗೆ ಉತ್ತರ ಕೊಡದೆ ಬಿಟ್ರೆ ನಾವು ಸೋತ್ವಿ ಅಂತ ಕುಣೀತಾರೆ. ಅವರದ್ದೇ ಇರ್ಬೇಕು, ಅಲ್ವಾ? ಹೌದು ಅನ್ನಿ, ಬರೀರಿ."

ಹೌದು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಎವ್ರಾರ್ ಬಾಗಿಲನ್ನು ತಾವೇ ತೆಗೆದು ನಿಂತಿದ್ದರು. ರಾಂಸಿನವರು ಬಂದು ವಿಚಾರಿಸುವುದೂ ಇರಲಿಲ್ಲ. ಗರೀನ್ ಹಾಳೆಯ ಅಂಚಿನಲ್ಲಿ ಆ ಮಾತಿನ ಮೇಲೆ ಬೆರಳಿಟ್ಟರು.

"ನನ್ನ ಹೆಂಡತಿ ಹೇಳಿದ್ದು," ಎಂದರು.

ಎವ್ರಾರ್ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು ಎನ್ನುತ್ತಾರೆ ಗರೀನ್. ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟು, ಎದ್ದು ಬಂದು, ಮುದುಕರ ಹೆಗಲ ಮೇಲೆ ಕೈಯಿಟ್ಟರು. "ಹಾಗಾದ್ರೆ ಇದು ಟೀಕಲ್ಲ, ಗರೀನಣ್ಣ. ಮನೆ ಮಾತು. ಪುಸ್ತಕದಲ್ಲಿ ಹೇಗೆ ಇಡಲಿ ಹೇಳಿ? ಬೇಜಾರು ಮಾಡ್ಕೋಬೇಡಿ." ಸಮಾಧಾನದ ಮಾತು ಕೆಲವೊಮ್ಮೆ ಬೈಗುಳಕ್ಕಿಂತ ಭಾರ. ಗರೀನ್ ಹಾಳೆಯನ್ನು ಮತ್ತೆ ಕಂಕುಳಲ್ಲಿಟ್ಟುಕೊಂಡು ವಾಪಸು ನಡೆದು ಬಂದರು.

ಟೆಸ್ಲಿನ್‌ಗೆ ಇದು ತಿಳಿದಾಗ ತಲೆ ಚಚ್ಚಿಕೊಂಡರು. "ಅಯ್ಯೋ ದಡ್ಡ ಮುಂಡೇದೆ! ರಾಂಸ್ ಅಂತ ಒಂದು ಮಾತು ಹೇಳೋಕೆ ನಿನಗೇನಾಗಿತ್ತು ದಾಡಿ?"

ಆ ಪ್ರಶ್ನೆಗೆ ಉತ್ತರವನ್ನು ಗರೀನ್ ಈಗ ನಿಧಾನವಾಗಿ, ಹಾಳೆಯ ಮೂಲೆ ಸವರುತ್ತಾ ಕೊಡುತ್ತಾರೆ. "ಅಷ್ಟು ವರ್ಷ ‘ಕೆಲವರು’ ಅಂತಲೇ ಬರೆದೆ. ಒಂದು ಸಲಾನೂ ಅವಳದ್ದು ಅಂತ ಶಾಲೆಯೊಳಗೆ ಬಾಯಿಬಿಟ್ಟು ಹೇಳಿರಲಿಲ್ಲ. ರಾಂಸಿನವರ ಪಾಲು ಮಾಡಿದ್ರೆ ಮಾತು ಉಳೀತಿತ್ತು, ಅವಳು ಹೋಗ್ತಿದ್ದಳು. ಅವಳು ಉಳೀಲಿ ಅಂತ ಹೇಳ್ದೆ. ಈಗ ಎರಡೂ ಹೋಯ್ತು." ಹಾಳೆಯ ಮೇಲಿನ ಧೂಳು ಊದಿ, "ನಾನು ಮಾಡಿದ್ದು ಸರೀನಾ ತಪ್ಪಾ ಅಂತ ಕೇಳೋಕೆ ಮನೇಲಿ ಯಾರೂ ಇಲ್ಲ. ಇದ್ದಿದ್ರೆ ಅವಳೇ ಮೊದಲು ಬೈತಿದ್ದಳು," ಎನ್ನುತ್ತಾರೆ.

ಹೊಸ ಪುಸ್ತಕದ ಒಂದೊಂದು ಭಾಗ ಬರೆದಾದ ಹಾಗೆ ಹಳೆಯದನ್ನು ಬಿಚ್ಚುವುದು ಇಲ್ಲಿಯ ವಾಡಿಕೆ. ಒಳ್ಳೆಯ ಚರ್ಮವನ್ನು ಕೆರೆದು ಮತ್ತೆ ಬಳಸುತ್ತಾರೆ, ಕೆಟ್ಟದ್ದನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ ಹೊಲಿಗೆಯ ಬೆನ್ನಿಗೆ ತುಂಬುತ್ತಾರೆ. ದಡದ ಹೆಂಗಸಿನ ಹಾಳೆಯ ಚರ್ಮ ಒಳ್ಳೆಯದಿತ್ತು. ಕೆರೆದಾಯಿತು. ಆ ಹಾಳೆಯೊಂದನ್ನು ಬೇಡಿ ಮನೆಯಲ್ಲಿ ಇಟ್ಟುಕೊಳ್ಳಬಾರದಿತ್ತೇ ಎಂದು ಟೆಸ್ಲಿನ್ ಕೇಳಿದ್ದರು. ಎವ್ರಾರ್ ಇಲ್ಲ ಎನ್ನುತ್ತಿರಲಿಲ್ಲ.

"ಇಟ್ಕೊಂಡು ಏನ್ ಮಾಡ್ಲಿ?" ಎಂದರಂತೆ ಗರೀನ್. "ನಾನೊಬ್ಬನೇ ಓದ್ಕೊಂಡ್ರೆ ಯಾರು ನಗ್ತಾರೆ?"

ಹೊಸ ಪ್ರತಿಯ ಬರೆದಾದ ಭಾಗದಿಂದ ಮೊದಲ ಸಲ ಪಾಠ ನಡೆಯುವ ದಿನ ಟೀಕು ಬರೆದವರೂ ಹೋಗಿ ಕೂರಬೇಕು. ಎಲ್ಲಾದರೂ ಗುರುತು ತಪ್ಪಿದ್ದರೆ ಗುರುಗಳು ತಡೆದು ಕೇಳುತ್ತಾರೆ. ಕಳೆದ ವಾರ ಗರೀನ್ ಹೋದರು. ಎವ್ರಾರ್ ಸ್ಪಷ್ಟವಾಗಿ, ಚುರುಕಾಗಿ ಓದಿದರು. ಹಡಗು ಹೋಯಿತು. ದೀಪವೆಂದರೆ ವಿವೇಕ, ಹಡಗೆಂದರೆ ಆತ್ಮ. ಅಪಶಕುನ. ಬೆಳಗಿನ ಸೂಚನೆ. ಮುಂದಿನ ಸಾಲು. ಮುಂದಿನ ಸಾಲಿನಲ್ಲಿ ಕುದುರೆಗಳ ವರ್ಣನೆ ಇತ್ತು, ಹುಡುಗರು ಅದನ್ನು ಬರೆದುಕೊಂಡರು. ಒಬ್ಬ ಆಕಳಿಸಿದ. ಯಾವ ಗುರುತೂ ತಪ್ಪಿರಲಿಲ್ಲ. ಪಾಠ ಮುಗಿದ ಮೇಲೆ ಎವ್ರಾರ್ ದೂರದಿಂದಲೇ ತಲೆಬಾಗಿ ಮೆಚ್ಚುಗೆ ತೋರಿಸಿದರು.

"ಎಷ್ಟು ಬೇಗ ದಾಟಿಹೋಯ್ತು ಅಂತೀರಿ," ಎನ್ನುತ್ತಾರೆ ಗರೀನ್. "ನಾನು ಕಾಯ್ತಾ ಕೂತಿದ್ದೆ. ಬರಲ್ಲ ಅಂತ ಗೊತ್ತಿತ್ತು, ಬಿಟ್ಟು ಬರೆದೋನು ನಾನೇ. ಆದ್ರೂ ಕಾಯ್ತಿದ್ದೆ."

ಬಿಸಿಲು ಮೇಲೇರಿದೆ. ಹಾಳೆಯ ಗೆರೆಗಳು ಒಂದೊಂದಾಗಿ ಅಳಿಸಿಹೋಗುತ್ತಿವೆ. ಗರೀನ್ ಮಸಿಕೊಂಬಿಗೆ ಬಿರಡೆ ಹಾಕಿ, ಗರಿಯನ್ನು ಬಟ್ಟೆಯಲ್ಲಿ ಒರೆಸುತ್ತಾರೆ. ಹೊಸ ಪುಸ್ತಕ ಇನ್ನೂ ಅರ್ಧ ಉಳಿದಿದೆ. ಸಂಜೆಯ ಬೆಳಕಿಗೆ ಮತ್ತೆ ಕೂರಬೇಕು. ಏನಾದರೂ ಆಸೆ ಇದೆಯೇ ಎಂದರೆ, ಇದೊಂದು ಪುಸ್ತಕ ಮುಗಿಯುವವರೆಗೆ ಕಣ್ಣು ಉಳಿದರೆ ಸಾಕು ಎಂದು ಎಲ್ಲ ಮುದುಕರ ಹಾಗೆ ಹೇಳಿ ಎದ್ದು ನಿಲ್ಲುತ್ತಾರೆ. ಒಲೆಯ ತನಕ ಹೋದವರು ಅಲ್ಲೇ ನಿಂತು, ಬೆನ್ನು ತಿರುಗಿಸಿಕೊಂಡೇ ಮಾತಾಡುತ್ತಾರೆ.

"ಇನ್ನೊಂದಿದೆ. ತುಂಬಿದ ಶಾಲೆಯಲ್ಲಿ, ಒಂದೇ ಒಂದು ಸಲ, ಯಾರಾದ್ರೂ ಅವಳನ್ನ ಹುಚ್ಚಿ ಅನ್ಬೇಕು."